ಮಗುವಿನ ಶಾಂತಿಯೋ, ನಮ್ಮ ನೆಮ್ಮದಿಯೋ?

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಬ್ಯಾರನ್ನಿನ ಬೆಂಕಿ ಹಗಲಿರುಳೂ ಆರುವಂತಿಲ್ಲ. ಅಂಥ ಮನೆಯ ನಿದ್ದೆಗೆಟ್ಟ ಮಗು ತರಗತಿಯಲ್ಲಿ ಸಿಡುಕುತ್ತದೆ. ಎಚ್.ಡಿ. ಕೋಟೆಯ ಹಾಡಿಯಿಂದ ಆಶ್ರಮ ಶಾಲೆಗೆ ಬಂದ ಜೇನುಕುರುಬರ ಮಗು ಗೋಡೆಗಳ ನಡುವೆ ಕೂರಲಾರದೆ ಓಡಿಹೋಗುತ್ತದೆ. ಕೆ.ಆರ್. ನಗರದ ಹುಡುಗನೊಬ್ಬ ಪಕ್ಕದವನಿಗೆ ಹೊಡೆಯುತ್ತಾನೆ. 'ಪೋಕರಿ' ಎಂದು ಹೆಸರಿಟ್ಟು ನಾವು ಸುಮ್ಮನಾಗುತ್ತೇವೆ.

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹಾಗಾದರೆ ದಾರಿ ಯಾವುದು? ಸಂಗೀತ ಚಿಕಿತ್ಸೆ ಒಂದು ದಾರಿ ಎನ್ನುತ್ತಾರೆ. ರೊಚ್ಚಿನಿಂದ ಬಡಿಯುವ ಮಗುವಿನ ಜೊತೆ ಚಿಕಿತ್ಸಕ ಮೊದಲು ಅದೇ ವೇಗದಲ್ಲಿ ತಾಳ ಹಾಕುತ್ತಾನೆ, ಬಳಿಕ ಮೆಲ್ಲಮೆಲ್ಲನೆ ನಿಧಾನಗೊಳಿಸುತ್ತಾನೆ. ಮಗುವೂ ಜೊತೆಗೆ ಇಳಿಯುತ್ತದೆ. 1488ರಲ್ಲಿ ಪೂರ್ಣಗೊಂಡ ಎದಿರ್ನೆಯ ಉಸ್ಮಾನಿ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಗಾಯಕ, ವಾದಕರಿದ್ದರೆಂದು ಪ್ರವಾಸಿ ಎವ್ಲಿಯಾ ಚಲೆಬಿ ಬರೆದಿದ್ದಾನೆ.

"ಇದು ಧರ್ಮಸಮ್ಮತವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಂತಿ, ಕೊಳಲು ವಾದ್ಯಗಳನ್ನು ನಾಲ್ಕೂ ಮದ್ಸಬ್‌ಗಳ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ; ಇಬ್ನ್ ಹಝ್ಮ್‌ರಂಥವರು ಒಪ್ಪಿದ್ದಾರೆ. ಆದರೆ ಈದ್ ದಿನ ದಫ್ ಬಾರಿಸಿ ಹಾಡುತ್ತಿದ್ದ ಬಾಲಕಿಯರನ್ನು ತಡೆಯಹೋದ ಅಬೂಬಕರ್(ರ)ರಿಗೆ, ಅವರನ್ನು ಬಿಟ್ಟುಬಿಡುವಂತೆ ಪ್ರವಾದಿ(ಸ) ಹೇಳಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಈ ಚಿಕಿತ್ಸೆಗೆ ಕಂಠ, ಚಪ್ಪಾಳೆ, ದಫ್ ಇದ್ದರೂ ಸಾಕು. ಹೆತ್ತವರನ್ನು ಕೇಳಿ, ಅವರಿಗೆ ಒಪ್ಪಿಗೆಯಾದುದನ್ನೇ ಬಳಸಬಹುದು.

ಆದರೆ ಓದುಗರೇ, ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ನಾವು ಹಾಡುವುದು ಮಗುವಿಗಾಗಿಯೋ, ನಮ್ಮ ಕಿವಿಯ ನೆಮ್ಮದಿಗಾಗಿಯೋ? ನಿದ್ದೆಯಿಲ್ಲದ ಮಗುವಿಗೆ ಬೇಕಾದುದು ಮೊದಲು ನಿದ್ದೆ. ಕಾಡಿನಿಂದ ಬಂದ ಮಗುವಿಗೆ ಬೇಕಾದುದು ತನ್ನ ನುಡಿ, ತನ್ನ ಹಾಡಿಯ ಹಾಡು, ತನ್ನವರ ಮುಖ. ಕಾರಣವನ್ನು ಹಾಗೆಯೇ ಬಿಟ್ಟು ಗದ್ದಲವನ್ನಷ್ಟೇ ಅಡಗಿಸಿದರೆ ಇಂಪಾದ ರಾಗವೂ ಬೆತ್ತದ ಕೆಲಸವನ್ನೇ ಮಾಡೀತು. ತೀವ್ರ ತೊಂದರೆಯಿರುವ ಮಗುವಿಗೆ ವೈದ್ಯರ ನೆರವೂ ಬೇಕು. ಹಾಡು ಅದರ ಬದಲಿಯಲ್ಲ.

ಅನಸ್(ರ) ಬಾಲಕರಾಗಿದ್ದಾಗಿನಿಂದ 10 ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಅಷ್ಟೂ ಕಾಲ ಅವರು ತನ್ನ ಮೇಲೆ ಒಮ್ಮೆಯೂ ಬೇಸರದ ಮಾತಾಡಲಿಲ್ಲವೆಂದು ಅನಸ್ ನೆನೆಯುತ್ತಾರೆ. ಅಲ್ಲಿ ವಾದ್ಯವಿರಲಿಲ್ಲ, ತಾಳ್ಮೆಯಿತ್ತು. ಮಗು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದು ಗಲಾಟೆ ಮಾಡಿದಾಗ ಸುಮ್ಮನಿರಿಸುವ ಮುನ್ನ, ಅದು ಏನನ್ನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳೋಣ. ಆ ಬಳಿಕವೇ ಹಾಡೋಣ.