ಕಲಸಿದ ಕಲ್ಲು, ಕಲಸಿದ ಮನಸ್ಸು



ನಮ್ಮ ಸವದತ್ತಿಯ ನವಿಲುತೀರ್ಥದ ಗುಡ್ಡದಲ್ಲಿ ಕಲ್ಲು ಪದರಿನ ಮೇಲೆ ಪದರಾಗಿ ಕಾಣುತ್ತದೆ. ಲಡಾಖಿನ ಶೆರ್ಗೋಲ್‌ನಲ್ಲಿ ಹಾಗಿಲ್ಲ. ಬಂಡೆಗೆ ಅಂಟಿಕೊಂಡಂತೆ ಪುಟ್ಟ ಬೌದ್ಧ ವಿಹಾರವಿರುವ ಆ ಊರಿನ ಸುತ್ತ ಆಳಗಡಲಿನ ಕಲ್ಲು, ಜ್ವಾಲಾಮುಖಿಯ ಕಲ್ಲು, ಸುಣ್ಣದಕಲ್ಲು ಎಲ್ಲ ಕಲಸಿಹೋಗಿವೆ. ಭೂವಿಜ್ಞಾನಿಗಳು ಇದನ್ನು ಮೆಲಾಂಜ್ ಎನ್ನುತ್ತಾರೆ.

ಈ ಗೊಂದಲಕ್ಕೂ ಕಾರಣವುಂಟು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿಯಾಯಿತು. ಅದಕ್ಕೂ ಮೊದಲೇ ನಡುವಿನ ಟೆಥಿಸ್ ಕಡಲತಳ ಏಷ್ಯಾದ ಅಡಿಗೆ ಜಾರುತ್ತ, ಒಡೆದು, ಕೆಸರಿನೊಡನೆ ನಾದಿಹೋಗಿತ್ತು. ಭೂವಿಜ್ಞಾನಿ ಅದನ್ನು ಹಳಿಯುವುದಿಲ್ಲ. ಒಂದೊಂದೇ ಕಲ್ಲು ಎತ್ತಿ, ಇದು ಎಲ್ಲಿಂದ ಬಂತೆಂದು ನೋಡುತ್ತಾನೆ.

ನಮ್ಮ ಕಡೆ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ನಾನು ಕಂಡಿದ್ದೇನೆ. ಆ ಸಿಟ್ಟು ಬರೀ ಬದುವಿನದಲ್ಲ. ಅಪ್ಪನ ಔಷಧದ ಖರ್ಚು, ಮದುವೆಯಲ್ಲಾದ ಅವಮಾನ, ಎಂದೋ ಆಡಿದ ಮಾತು, ಎಲ್ಲ ಅದರೊಳಗೆ ನಾದಿರುತ್ತವೆ. ಏಳು ಬೋಧಿ ಅಂಗಗಳಲ್ಲಿ ಎರಡನೆಯದು ಧಮ್ಮವಿಚಯ. ಮನಸ್ಸಿನಲ್ಲಿ ಎದ್ದದ್ದನ್ನು ಬಿಡಿಸಿ, ಬೇರೆಬೇರೆಯಾಗಿ ನೋಡುವುದೂ ಅದೇ.

ಇವತ್ತು ಸಿಟ್ಟು ಬಂದರೆ, ಬಾಯಿ ತೆರೆಯುವ ಮೊದಲು ಕೇಳಿಕೊಳ್ಳೋಣ: ಇದರಲ್ಲಿ ಇವತ್ತಿನ ಕಲ್ಲು ಯಾವುದು, ಹಳೆಯ ಕಲ್ಲು ಯಾವುದು? ಬದುವಿನ ಮಾತನ್ನಷ್ಟೇ ಆಡಿದರೆ ಬದು ಬಗೆಹರಿದೀತು. ಅಣ್ಣ ಅಣ್ಣನಾಗಿಯೇ ಉಳಿದಾನು.

ಸಾಧು, ಸಾಧು, ಸಾಧು.