ಒಂದೇ ಹೆಸರು, ಅನೇಕ ಜೀವಗಳು

ಅಹಿಂಸೆಯೆಂದರೆ ಕೊಲ್ಲದಿರುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಒಂದು ಪ್ರಾಣಿಗೆ ಹೊಟ್ಟೆ ತುಂಬ ಆಹಾರವಿತ್ತು, ರೋಗ ಬಂದಾಗ ಔಷಧವಿತ್ತು, ಜೀವಮಾನಪರ್ಯಂತ ಸೆರೆಯಲ್ಲಿಟ್ಟರೆ ಅದು ಹಿಂಸೆಯೋ, ಅಲ್ಲವೋ? ಪಾಶ್ಚಾತ್ಯ ದೇಶಗಳಲ್ಲಿ ಓರ್ಕಾ ಎಂಬ ಜಲಚರದ ನಿಮಿತ್ತವಾಗಿ ಈ ಪ್ರಶ್ನೆಯು ಹಲವು ದಶಕಗಳಿಂದ ಚರ್ಚಿತವಾಗುತ್ತಿದೆ. ಸಮುದ್ರದಾಚೆಯ ಸುದ್ದಿಯೆಂದು ಉಪೇಕ್ಷಿಸದೆ ಸಜ್ಜನರು ಇದನ್ನು ವಿಚಾರಿಸಬೇಕೆಂದು ಪ್ರಾರ್ಥನೆ.

ಓರ್ಕಾವನ್ನು ಜನರು ತಿಮಿಂಗಿಲವೆಂದು ಕರೆದರೂ ಅದು ಡಾಲ್ಫಿನ್ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಪ್ರಾಣಿ. ಅಮೆರಿಕ ಮತ್ತು ಕೆನಡಾಗಳ ಪಶ್ಚಿಮ ಕರಾವಳಿಯಲ್ಲಿ ವಾಸಿಸುವ ಓರ್ಕಾಗಳನ್ನು ಮೈಕೇಲ್ ಬಿಗ್ ಮೊದಲಾದ ವಿಜ್ಞಾನಿಗಳು 1970ರ ದಶಕದಲ್ಲಿ ಛಾಯಾಚಿತ್ರಗಳ ಮೂಲಕ, ಬೆನ್ನಿನ ರೆಕ್ಕೆಯ ಗುರುತಿನಿಂದ ಒಂದೊಂದಾಗಿ ಗುರುತಿಸಿದರು. ಅಲ್ಲಿ ತಾಯಿಯೇ ಕುಟುಂಬದ ಮೂಲ. ಗಂಡಾಗಲಿ ಹೆಣ್ಣಾಗಲಿ, ಮರಿಗಳು ಬೆಳೆದ ಮೇಲೂ ತಾಯಿಯ ಬಳಗವನ್ನು ಬಿಟ್ಟು ಹೋಗುವುದಿಲ್ಲ. ಪ್ರತಿಯೊಂದು ಬಳಗಕ್ಕೂ ತನ್ನದೇ ಆದ ಧ್ವನಿಸಂಕೇತಗಳುಂಟು. ಮರಿಗಳು ಅವನ್ನು ಹಿರಿಯರಿಂದ ಕಲಿಯುತ್ತವೆ. 2018ರಲ್ಲಿ ಒಂದು ತಾಯಿಯು, ಹುಟ್ಟಿದ ಅಲ್ಪಕಾಲದಲ್ಲೇ ಸತ್ತ ತನ್ನ ಮರಿಯ ದೇಹವನ್ನು ಮುಳುಗಗೊಡದೆ 17 ದಿನಗಳ ಕಾಲ ಹೊತ್ತು ತಿರುಗಿತು.

ಇಂತಹ ಜೀವಿಗಳನ್ನು ಹಿಡಿದ ಬಗೆಯನ್ನು ನೋಡೋಣ. 1970ರ ಆಗಸ್ಟ್ ತಿಂಗಳಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಗೆ ಓರ್ಕಾಗಳನ್ನು ದೋಣಿಗಳಿಂದಲೂ ಸಿಡಿಮದ್ದುಗಳಿಂದಲೂ ಅಟ್ಟಿ, ಬಲೆ ಬೀಸಿ, ಮರಿಗಳನ್ನು ತಾಯಂದಿರಿಂದ ಬೇರ್ಪಡಿಸಿದರು. ಬಲೆಯಲ್ಲಿ ಸಿಲುಕಿ ಸತ್ತ ಮರಿಗಳ ಹೊಟ್ಟೆಯನ್ನು ಸೀಳಿ, ಕಲ್ಲು ತುಂಬಿ ಮುಳುಗಿಸಿದರು. ನವೆಂಬರಿನಲ್ಲಿ ಕೆಲವು ಶವಗಳು ದಡ ಸೇರಿ ಗುಟ್ಟು ಬಯಲಾಯಿತು. ಅಂದು ಮಾರಾಟವಾದ ಮರಿಗಳಲ್ಲಿ ಟೋಕಿಟೇ ಎಂಬುದೊಂದು. ಮಯಾಮಿ ನಗರದ ಪ್ರದರ್ಶನಾಲಯದವರು ಅದಕ್ಕೆ ಲೋಲಿಟಾ ಎಂದು ಹೆಸರಿಟ್ಟರು. ಅದರ ಕೊಳವು ಅತ್ಯಂತ ಆಳವಾದ ಕಡೆಯಲ್ಲಿ 20 ಅಡಿ. ಬೆಳೆದ ಮೇಲೆ ಅದರ ದೇಹದ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಜೊತೆಗಿದ್ದ ಹ್ಯೂಗೋ ಎಂಬ ಗಂಡು ಓರ್ಕಾ 1980ರಲ್ಲಿ ಸತ್ತಿತು. ಅನಂತರ 43 ವರ್ಷಗಳ ಕಾಲ ಟೋಕಿಟೇ ತನ್ನ ಜಾತಿಯ ಇನ್ನೊಂದು ಜೀವಿಯ ಮುಖವನ್ನು ಕಾಣಲಿಲ್ಲ. ತವರಿನ ಕಡಲಿಗೆ ಅದನ್ನು ಮರಳಿಸುವ ಒಪ್ಪಂದವು 2023ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಆದರೆ ಆಗಸ್ಟ್ 18ರಂದು ಅದು ಅದೇ ಕೊಳದಲ್ಲಿ ಅಸುನೀಗಿತು. ಓರ್ಕಾಗಳನ್ನು ಅಲೆಗಳ ಕೆಳಗಿನ ಬಂಧುಗಳೆಂದು ಭಾವಿಸುವ ಲಮ್ಮಿ ಮೂಲನಿವಾಸಿಗಳು ಅದರ ಭಸ್ಮವನ್ನು ತಂದು ಹುಟ್ಟಿದ ಕಡಲಿನಲ್ಲಿ ವಿಸರ್ಜಿಸಿದರು.

ಇಲ್ಲಿ ಪೂರ್ವಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಒಂದು ಕಾಲದಲ್ಲಿ ಓರ್ಕಾವನ್ನು ಜನರು ಕ್ರೂರಮೃಗವೆಂದೇ ಬಗೆದಿದ್ದರು. 1961ರಲ್ಲಿ ಕೆನಡಾದ ಮೀನುಗಾರಿಕೆ ಇಲಾಖೆಯು ಸೀಮೋರ್ ನ್ಯಾರೋಸ್ ಎಂಬಲ್ಲಿ ಅವುಗಳನ್ನು ಕೊಲ್ಲಲು ಮೆಷಿನ್ ಗನ್ನನ್ನೇ ಸ್ಥಾಪಿಸಿತ್ತು. ಅದನ್ನು ಹಾರಿಸುವ ಪ್ರಸಂಗ ಬರಲಿಲ್ಲ. 1964ರಲ್ಲಿ ಒಂದು ಶಿಲ್ಪಕ್ಕೆ ಮಾದರಿಯಾಗಲೆಂದು, ಕೊಲ್ಲುವುದಕ್ಕಾಗಿಯೇ ಈಟಿಯಿಂದ ಹೊಡೆದ ಓರ್ಕಾ ಒಂದು ಸಾಯದೆ ಉಳಿದುದರಿಂದ ಅದನ್ನು ವ್ಯಾಂಕೂವರಿಗೆ ತಂದರು. ಸುಮಾರು ಮೂರು ತಿಂಗಳು ಬದುಕಿದ್ದ ಅದರ ಸೌಮ್ಯಸ್ವಭಾವವನ್ನು ಕಂಡು ಜನರ ಭಯವು ಪ್ರೀತಿಗೆ ತಿರುಗಿತು. ಆದುದರಿಂದ ಸೆರೆಯೇ ಈ ಜಾತಿಯನ್ನು ಉಳಿಸಿತಲ್ಲವೇ ಎಂಬುದು ಪ್ರದರ್ಶನಾಲಯದವರ ವಾದ.

ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಫಲವು ಒಳ್ಳೆಯದಾದ ಮಾತ್ರಕ್ಕೆ ಕರ್ಮದ ದೋಷವು ತೊಳೆದುಹೋಗುವುದಿಲ್ಲ. ಅದೂ ಅಲ್ಲದೆ, ಸೆರೆಯಲ್ಲಿದ್ದ ಆ ಜೀವಿಯು ನಮಗೆ ಕಲಿಸಿದ ಪಾಠವಾದರೂ ಯಾವುದು? ತನ್ನನ್ನು ಹಿಡಿಯಬಾರದಿತ್ತೆಂಬುದೇ ಆ ಪಾಠ. ಅದನ್ನು ಕಲಿತ ಮೇಲೂ ಹಿಡಿಯುತ್ತ ಹೋದವರು ಅಜ್ಞಾನದ ನೆಪವನ್ನು ಹೇಳುವಂತಿಲ್ಲ. ಓರ್ಕಾಗಳ ಕುಟುಂಬಜೀವನದ ಜ್ಞಾನವಾದರೋ ನಮಗೆ ಬಂದದ್ದು ತೆರೆದ ಕಡಲಿನಲ್ಲಿ ಕಾದು ಕುಳಿತವರಿಂದ.

ಸೆರೆಯ ದೋಷವು ಕೊಳದ ಅಳತೆಯಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. 1965ರಲ್ಲಿ ಹಿಡಿದ ಶಾಮೂ ಎಂಬ ಓರ್ಕಾವನ್ನು ಕ್ಯಾಲಿಫೋರ್ನಿಯಾದ ಸೀವರ್ಲ್ಡ್ ಸಂಸ್ಥೆಯು ಸ್ಯಾನ್ ಡಿಯಾಗೋ ನಗರದಲ್ಲಿ ಪ್ರದರ್ಶಿಸಿತು. ಅದು 1971ರಲ್ಲಿ ಸತ್ತಿತು. ಆದರೂ ಶಾಮೂವಿನ ಪ್ರದರ್ಶನವು ದಶಕಗಳ ಕಾಲ ನಡೆದೇ ಇತ್ತು! ಬೇರೆ ಬೇರೆ ಓರ್ಕಾಗಳು ಅದೇ ಹೆಸರಿನಿಂದ ರಂಗಕ್ಕೆ ಬಂದವು. ನೋಡಬಂದವರಿಗೆ ಒಂದು ಜೀವ ಹೋದುದೂ ಇನ್ನೊಂದು ಬಂದುದೂ ತಿಳಿಯಲಿಲ್ಲ. ಜೀವರಲ್ಲಿ ಪರಸ್ಪರ ಭೇದವು ಸತ್ಯವೆಂದೂ, ಪ್ರತಿಯೊಬ್ಬ ಜೀವನಿಗೂ ಅವನದೇ ಆದ ಸ್ವರೂಪವುಂಟೆಂದೂ ಶ್ರೀಮದಾಚಾರ್ಯರಿಂದ ತಿಳಿದ ನಮಗೆ ಇಲ್ಲಿಯ ಅಪರಾಧವು ಸ್ಪಷ್ಟವಾಗಬೇಕು. ಒಬ್ಬನ ಸ್ಥಾನದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಏನೂ ಆಗಲಿಲ್ಲವೆಂಬಂತೆ ನಡೆಯುವುದು ಜೀವವನ್ನು ವಸ್ತುವೆಂದು ಬಗೆದಂತೆ. ದೀಪದ ಬತ್ತಿಯನ್ನು ಬದಲಿಸಬಹುದು. ತಾಯಿಯಿಂದ ಕಿತ್ತ ಮರಿಗೆ ಬದಲು ಎಲ್ಲಿಯದು?

ಹಾಗಾದರೆ ಸೆರೆಯಲ್ಲಿರುವ ಎಲ್ಲವನ್ನೂ ಇಂದೇ ಬಿಟ್ಟುಬಿಡಬೇಕೇ? ಇದಕ್ಕೆ ಕೈಕೋ ಎಂಬ ಓರ್ಕಾದ ಕಥೆಯೇ ಉತ್ತರ. 1979ರಲ್ಲಿ ಐಸ್‌ಲೆಂಡಿನ ಬಳಿ ಸಿಕ್ಕಿದ ಅದು ಒಂದು ಚಲನಚಿತ್ರದಿಂದ ಪ್ರಸಿದ್ಧವಾಯಿತು. ಜನರು ಹಣ ಕೂಡಿಸಿ 1998ರಲ್ಲಿ ಅದನ್ನು ಐಸ್‌ಲೆಂಡಿಗೆ ಮರಳಿಸಿದರು. 2002ರಲ್ಲಿ ಅದು ಸ್ವತಂತ್ರವಾಗಿ ನಾರ್ವೆಯವರೆಗೆ ಈಜಿತು. ಆದರೆ ಅಲ್ಲಿಯೂ ಮನುಷ್ಯರ ಸಂಗವನ್ನೇ ಅರಸಿತು. 2003ರ ಡಿಸೆಂಬರಿನಲ್ಲಿ ಸತ್ತಿತು. ಬಾಗಿಲು ತೆರೆದೊಡನೆ ಋಣ ತೀರುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಮರಳಲಾಗದವನ್ನು ಕೊನೆಯವರೆಗೆ ಪಾಲಿಸಬೇಕು. ಹೊಸದಾಗಿ ಯಾವುದನ್ನೂ ಸೆರೆಗೆ ತರಬಾರದು, ಸೆರೆಯಲ್ಲಿ ಹುಟ್ಟಿಸಲೂಬಾರದು. ಸೀವರ್ಲ್ಡ್ ಸಂಸ್ಥೆಯೇ 2016ರಲ್ಲಿ ಓರ್ಕಾಗಳ ಸಂತಾನವರ್ಧನೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಕೆನಡಾ 2019ರಲ್ಲಿ ಈ ಕುರಿತು ಶಾಸನ ಮಾಡಿತು. ಅದಕ್ಕೂ ಮೊದಲು, 2013ರಲ್ಲಿ, ನಮ್ಮ ದೇಶದ ಕೇಂದ್ರ ಮೃಗಾಲಯ ಪ್ರಾಧಿಕಾರವು ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿ ಕೊಡಕೂಡದೆಂದು ತಿಳಿಸಿತೆಂಬುದು ಸಂತೋಷದ ಸಂಗತಿ.

ಆದರೆ ಪರದೇಶದ ಕೊಳವನ್ನು ಕಂಡು ಮರುಗುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಉತ್ಸವದಲ್ಲಿ ಅಲಂಕೃತವಾಗಿ ನಡೆಯುವ ಆನೆಗೆ ಭಕ್ತಿಯಿಂದ ಕೈಮುಗಿಯುತ್ತೇವೆ. ಉತ್ಸವ ಮುಗಿದ ಮೇಲೆ ಅದರ ಕಾಲಿನ ಸರಪಳಿಯನ್ನು ನೋಡಲು ನಿಂತವರೆಷ್ಟು ಮಂದಿ? ಆನೆಯೂ ತಾಯಂದಿರ ಬಳಗದಲ್ಲಿ ಬಾಳುವ ಪ್ರಾಣಿಯೇ. ಒಂದು ಗತಿಸಿದಾಗ ಇನ್ನೊಂದನ್ನು ತರುವ ಮಾತೆತ್ತುವ ಮೊದಲು, ಹೋದದ್ದು ಯಾರು, ತರುವುದು ಯಾರ ಮಗುವನ್ನು ಎಂದು ಕೇಳಿಕೊಳ್ಳುವುದು ನಮ್ಮ ಧರ್ಮ.

ಮಡುವಿನಲ್ಲಿ ಸಿಲುಕಿದ ಗಜೇಂದ್ರನ ಮೊರೆಗೆ ಭಗವಂತನು ಓಡೋಡಿ ಬಂದನು. ಕಾಡಿನಲ್ಲಿ ಬೇರೆ ಆನೆಗಳಿರಲಿಲ್ಲವೇ? ಅವನು ಬಂದದ್ದು ಕೂಗಿದ ಆ ಒಂದು ಆನೆಗಾಗಿ.

॥ ಶ್ರೀಕೃಷ್ಣಾರ್ಪಣಮಸ್ತು ॥