ಸಭೆಯಲ್ಲಿ ಹೊಸ ಹಾಡು

ಕರ್ತನಿಗೆ ಹೊಸ ಹಾಡನ್ನು ಹಾಡಬೇಕೆಂದು 96ನೆಯ ಕೀರ್ತನೆಯ ಆರಂಭದಲ್ಲಿಯೇ ಅಪ್ಪಣೆಯುಂಟು. ನಾವಾದರೋ ವರ್ಷವಿಡೀ ಅವೇ ಏಳೆಂಟು ಗೀತಗಳನ್ನು ಹಾಡುತ್ತೇವೆ. ಉಪದೇಶಿಯು ಸಂಖ್ಯೆಯನ್ನು ಹೇಳುವ ಮುಂಚೆಯೇ ಮಕ್ಕಳು ಊಹಿಸಿಬಿಡುತ್ತಾರೆ. ಬಾಯಿ ಹಾಡುತ್ತಿರುವಾಗ ಮನಸ್ಸು ಮಗ್ಗದ ಬಳಿಗೋ ಕಬ್ಬಿನ ಹೊಲಕ್ಕೋ ಹೋಗಿರುತ್ತದೆ.

ಹಳೆಯದಾದ ಮಾತ್ರಕ್ಕೆ ಗೀತವು ಸಾಯುವುದಿಲ್ಲ. 1837ರಲ್ಲಿ ಧಾರವಾಡಕ್ಕೂ 1851ರಲ್ಲಿ ಗುಳೇದಗುಡ್ಡಕ್ಕೂ ಬಂದ ಬಾಸೆಲ್ ಮಿಶನ್ನಿನವರಿಂದ ನಮಗೆ ಜರ್ಮನ್ ರಾಗಗಳು ದೊರೆತವು. ಅವುಗಳ ಗಾಂಭೀರ್ಯವನ್ನು ನಾವು ಬಿಡಲೊಲ್ಲೆವು. ಆದರೆ ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ. ರಾಗವು ಹ್ರಸ್ವವನ್ನು ಎಳೆದು ದೀರ್ಘವನ್ನು ಮೊಟಕುಮಾಡಿದರೆ ಓದುಬಾರದ ಮುದುಕಿಗೆ ಮಾತು ತಿಳಿಯುವುದೆಂತು? ಕಿಟ್ಟೆಲ್ ಪಂಡಿತರು ಕರ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚಿಗೆ ತಂದವರೂ ಅವರೇ. ಪರದೇಶದವರು ಇಷ್ಟು ಕಷ್ಟಪಟ್ಟು ಕಲಿತದ್ದಕ್ಕೆ ನಾವು ನಾಚುವುದು ವಿಚಿತ್ರವೇ ಸರಿ.

ಡಪ್ಪು, ಏಕತಾರಿಗಳು ಒಳಗೆ ಬಂದರೆ ಹಿಂದಿನ ದೇವರುಗಳೂ ಹಿಂಬಾಲಿಸಿ ಬಂದಾವೆಂದು ಹಿರಿಯರಲ್ಲಿ ಕೆಲವರು ಅಂಜುತ್ತಾರೆ. ಆ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಬಹು ನಷ್ಟವನ್ನು ತಾಳಿ ಆ ದಾರಿಯನ್ನು ಬಿಟ್ಟುಬಂದವರ ಮಕ್ಕಳು ಅವರು. ಆದರೂ 150ನೆಯ ಕೀರ್ತನೆಯಲ್ಲಿ ದಮ್ಮಡಿಯೂ ತಾಳವೂ ಉಂಟಲ್ಲವೇ? ಪದದೊಳಗಿನ ಉಪದೇಶವನ್ನು ಪರೀಕ್ಷಿಸೋಣ, ತೊಗಲನ್ನು ದೂರುವುದೇಕೆ?

ಮುಧೋಳ, ಜಮಖಂಡಿ, ಬೀಳಗಿಯ ಹಳ್ಳಿಗಳಲ್ಲಿ ಶ್ರೀಕೃಷ್ಣಪಾರಿಜಾತದ ಆಟವನ್ನು ಬೆಳಗಾಗುವ ತನಕ ಕೇಳುವ ಜನರೇ ಸಭೆಯ ಹಾಡಿಗೆ ಆಕಳಿಸುತ್ತಾರೆ. ಅಲ್ಲಿ ಒಬ್ಬನು ಎತ್ತಿಕೊಡುತ್ತಾನೆ, ಹಿಮ್ಮೇಳವು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿಯೂ ಒಬ್ಬರು ಸಾಲನ್ನು ಹಾಡಿ ಸಭೆಯೆಲ್ಲ ತಿರುಗಿ ಹಾಡಲಿ, ಪುಸ್ತಕವಿಲ್ಲದವರೂ ಕಲಿಯುವರು. ತಿಂಗಳಿಗೊಂದು ಹೊಸ ಗೀತ ಸಾಕು. ನಾಲ್ಕನ್ನು ಒಮ್ಮೆಗೇ ಕಲಿಸಿದರೆ ಒಂದೂ ಉಳಿಯದು.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುನ್ಮಗ್ಗಗಳ ಸದ್ದಿನೊಳಗೆ ಈಗ ನೇಕಾರನ ಹಾಡು ಕೇಳಿಸದು. ಬೀಸುವ ಕಲ್ಲೂ ಮೂಲೆ ಸೇರಿದೆ. ಆ ಕಲ್ಲಿನ ರಾಗಗಳನ್ನು ಬಲ್ಲ ವೃದ್ಧೆಯರು ನಮ್ಮ ಸಭೆಗಳ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಅವರೊಡನೆ ಆ ರಾಗಗಳೂ ಮಣ್ಣಿಗೆ ಹೋಗುವ ಮುಂಚೆ, ಬರುವ ಆದಿತ್ಯವಾರ ಅವರಲ್ಲೊಬ್ಬರನ್ನು ಮುಂದಕ್ಕೆ ಕರೆದು, ಗೀತದ ಒಂದು ಚರಣವನ್ನು ತಮ್ಮ ರಾಗದಲ್ಲಿ ಎತ್ತಿಕೊಡಬೇಕೆಂದು ಬೇಡಿಕೊಳ್ಳಿರಿ. ಉಪದೇಶಿಯವರು ಆ ಹೊತ್ತಿಗೆ ಹಾರ್ಮೋನಿಯಮ್ಮಿನಿಂದ ಕೈ ತೆಗೆದಿರಲಿ.